ಸತ್ತವಳ ಮನೆ, ಬಂದವಳ ಕಥೆ

ಡಾಫ್ನೆ ಡು ಮೊರಿಯೆ ಅವರ 'ರೆಬೆಕ್ಕಾ' 1938ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅಂದಿನಿಂದ ಅದರ ಓದುಗರು ಕಡಿಮೆಯಾಗಿಲ್ಲ, ಅವರ ಜಗಳವೂ ಮುಗಿದಿಲ್ಲ. ಪ್ರಕಾಶಕ ವಿಕ್ಟರ್ ಗೊಲಾನ್ಸ್ ಅದನ್ನು ಪ್ರೇಮಕಥೆಯೆಂದು ಮಾರಿದರು. ಬರೆದವರು ಮಾತ್ರ ಇದು ಹೊಟ್ಟೆಕಿಚ್ಚಿನ ಕಥೆ ಎನ್ನುತ್ತಲೇ ಬಂದರು. ಕೆಲವು ವಿಮರ್ಶಕರು ಇದನ್ನು ರೈಲಿನಲ್ಲಿ ಓದಿ ಬಿಡುವ ಪುಸ್ತಕವೆಂದು ಬದಿಗಿಟ್ಟರು. ಇನ್ನು ಕೆಲವರು ಷಾರ್ಲಟ್ ಬ್ರಾಂಟಿಯ 'ಜೇನ್ ಐರ್' (1847) ನಂತರ ಇಂಗ್ಲಿಷಿನಲ್ಲಿ ಬಂದ ಮುಖ್ಯವಾದ ಗಾಥಿಕ್ ಕಾದಂಬರಿಗಳಲ್ಲಿ ಇದೂ ಒಂದು ಎಂದರು. ದೊಡ್ಡ ಹಳೆಯ ಮನೆ, ಮುಚ್ಚಿದ ಕೋಣೆ, ಯಾರೂ ಬಾಯಿಬಿಡದ ಗುಟ್ಟು, ಹೊಸದಾಗಿ ಕಾಲಿಟ್ಟ ಹೆಣ್ಣಿನ ಅಂಜಿಕೆ: ಗಾಥಿಕ್ ಎಂದರೆ ಸ್ಥೂಲವಾಗಿ ಇಷ್ಟೇ.

ಈ ಭಿನ್ನಾಭಿಪ್ರಾಯ ರುಚಿಭೇದವಷ್ಟೇ ಎಂದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಓದುಗರು ಆ ಮನೆಯ ಯಾವ ಬಾಗಿಲಲ್ಲಿ ನಿಂತು ಓದುತ್ತಾರೆ ಎಂಬುದರ ಮೇಲೆ ಅವರ ತೀರ್ಪು ನಿಂತಿದೆ. ಮಸ್ಕತ್ತಿನಲ್ಲಿ ನಾವು ಕೆಲವು ಕನ್ನಡಿಗರು ಆಗಾಗ ಶುಕ್ರವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರಿ ಪುಸ್ತಕಗಳ ಬಗ್ಗೆ ಮಾತಾಡುತ್ತೇವೆ. 'ರೆಬೆಕ್ಕಾ' ಬಗ್ಗೆ ಅಲ್ಲಿ ನಡೆದ ಚರ್ಚೆ ಈ ಅನಿಸಿಕೆಯನ್ನು ನನ್ನಲ್ಲಿ ಗಟ್ಟಿ ಮಾಡಿತು.

ಓದದವರಿಗಾಗಿ ಕಥೆಯನ್ನು ಹೇಳಿಬಿಡಬೇಕು. ಗುಟ್ಟನ್ನು ಬಚ್ಚಿಟ್ಟು ಈ ಕಾದಂಬರಿಯ ವಿಮರ್ಶೆ ಸಾಧ್ಯವಿಲ್ಲ. ಶ್ರೀಮಂತ ಹೆಂಗಸೊಬ್ಬಳ ಸಂಗಾತಿಯಾಗಿ ಸಂಬಳಕ್ಕಿದ್ದ ಅನಾಥ ಹುಡುಗಿ ಮಾಂಟೆ ಕಾರ್ಲೋದಲ್ಲಿ ಮ್ಯಾಕ್ಸಿಮ್ ಡಿ ವಿಂಟರ್ ಎಂಬ ವಿಧುರನನ್ನು ಭೇಟಿಯಾಗುತ್ತಾಳೆ. ವಯಸ್ಸಿನಲ್ಲಿ ಅವನು ಅವಳ ದುಪ್ಪಟ್ಟು. ಅವಸರದ ಮದುವೆಯಾಗಿ ಅವನ ಪೂರ್ವಿಕರ ಬಂಗಲೆ ಮ್ಯಾಂಡರ್ಲಿಗೆ ಬರುತ್ತಾಳೆ. ಅಲ್ಲಿ ಸಮುದ್ರದಲ್ಲಿ ಮುಳುಗಿ ಸತ್ತ ಮೊದಲ ಹೆಂಡತಿ ರೆಬೆಕ್ಕಾಳದೇ ಆಳ್ವಿಕೆ. ಬರೆಯುವ ಮೇಜು, ಮಳೆಯಂಗಿ, ಕರವಸ್ತ್ರದ ಮೇಲಿನ ಕಸೂತಿಯ ಅಕ್ಷರ ಎಲ್ಲವೂ ಅವಳವು. ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್ ಸತ್ತವಳ ಕೋಣೆಯನ್ನು ಗರ್ಭಗುಡಿಯಂತೆ ಕಾಯುತ್ತಾಳೆ. ಗಂಡನಿಗೆ ಇನ್ನೂ ಮೊದಲ ಹೆಂಡತಿಯ ಮೇಲೇ ಪ್ರೀತಿ ಎಂದು ಹುಡುಗಿ ಕೊರಗುತ್ತಿರುವಾಗ ರೆಬೆಕ್ಕಾಳ ದೋಣಿ ಸಿಗುತ್ತದೆ, ಅದರೊಳಗೆ ಹೆಣ ಸಿಗುತ್ತದೆ. ಆಗ ಮ್ಯಾಕ್ಸಿಮ್ ಒಪ್ಪಿಕೊಳ್ಳುತ್ತಾನೆ: ರೆಬೆಕ್ಕಾಳನ್ನು ತಾನು ಪ್ರೀತಿಸಿಯೇ ಇರಲಿಲ್ಲ, ಗುಂಡಿಟ್ಟು ಕೊಂದದ್ದು ತಾನೇ. ಕಥೆ ಹೇಳುವ ಈ ಹುಡುಗಿಗೆ ಕಾದಂಬರಿಯುದ್ದಕ್ಕೂ ಹೆಸರಿಲ್ಲ. ಹೆಸರಿರುವುದು ಸತ್ತವಳಿಗೆ ಮಾತ್ರ.

ದೂರದೇಶದ ಓದುಗರಿಗೆ ಈ ಪುಸ್ತಕ ಹತ್ತಿರವಾಗಲು ಒಂದು ಕಾರಣ ಅದರ ಹುಟ್ಟಿನಲ್ಲೇ ಇದೆ. ಕಾರ್ನ್‌ವಾಲಿನ ಮಂಜು, ಮಳೆ, ಹೂಗಿಡಗಳಿಂದ ತುಂಬಿದ ಈ ಕಾದಂಬರಿಯನ್ನು ಡು ಮೊರಿಯೆ 1937ರಲ್ಲಿ ಆರಂಭಿಸಿದ್ದು ಈಜಿಪ್ಟಿನ ಅಲೆಗ್ಸಾಂಡ್ರಿಯದಲ್ಲಿ. ಸೈನ್ಯಾಧಿಕಾರಿಯಾಗಿದ್ದ ಗಂಡ ಫ್ರೆಡರಿಕ್ ಬ್ರೌನಿಂಗ್‌ಗೆ ಅಲ್ಲಿ ನೇಮಕವಾಗಿತ್ತು. ಆ ಸೆಖೆ, ಅಧಿಕಾರಿಗಳ ಹೆಂಡಂದಿರ ಔತಣಕೂಟಗಳು ಅವರಿಗೆ ಒಗ್ಗಲಿಲ್ಲ. ಮೊದಲು ಬರೆದ ಸುಮಾರು 15,000 ಪದಗಳನ್ನು ಹರಿದು ಹಾಕಿ, ಇಂಗ್ಲೆಂಡಿಗೆ ಮರಳಿದ ಮೇಲೆ ಪುಸ್ತಕ ಮುಗಿಸಿದರು. ಅಂದರೆ ಮ್ಯಾಂಡರ್ಲಿ ಮೊದಲು ಕಟ್ಟಿದ್ದು ಊರ ನೆನಪಿನ ಮನೆಯಾಗಿ, ಅರಬ್ ನಾಡಿನ ಬಿಸಿಲಿನಲ್ಲಿ ಕೂತು. ಮೇ ತಿಂಗಳಲ್ಲಿ ರುವಿಯ ಫ್ಲ್ಯಾಟೊಂದರಲ್ಲಿ ಎಸಿ ಹಾಕಿಕೊಂಡು ಆಗುಂಬೆಯ ಮಳೆಯನ್ನು ವರ್ಣಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಥೆಯ ಮೊದಲಲ್ಲೇ ಗಂಡಹೆಂಡಿರು ಮ್ಯಾಂಡರ್ಲಿ ಕಳೆದುಕೊಂಡು ಪರದೇಶದ ಸಾಧಾರಣ ಹೋಟೆಲುಗಳಲ್ಲಿ ದಿನ ಕಳೆಯುತ್ತಿದ್ದಾರೆ. ತಡವಾಗಿ ಬರುವ ಇಂಗ್ಲಿಷ್ ಪತ್ರಿಕೆಗಳಲ್ಲಿ ಕ್ರಿಕೆಟ್ ಸುದ್ದಿ ಹುಡುಕುತ್ತಾರೆ. ಹೆಂಡತಿ ಗಂಡನಿಗೆ ಪತ್ರಿಕೆ ಓದಿ ಹೇಳುತ್ತಾಳೆ, ಊರನ್ನು ತೀರ ನೆನಪಿಸುವುದನ್ನು ಬಿಟ್ಟು ಓದುತ್ತಾಳೆ. ಈ ಭಾಗ ಮೊದಲ ಕರಡಿನಲ್ಲಿ ಕೊನೆಗಿತ್ತು. ಡು ಮೊರಿಯೆ ಅದನ್ನು ಎತ್ತಿ ಮುಂದೆ ತಂದಿಟ್ಟರು. 1981ರಲ್ಲಿ ಆ ಕರಡುಗಳು ಪ್ರಕಟವಾದಾಗ ಇದು ಗೊತ್ತಾಯಿತು. ಕಥೆಯ ಪರಿಣಾಮವನ್ನು ಮೊದಲೇ ಹೇಳಿಬಿಟ್ಟ ಈ ಏರ್ಪಾಡಿಗೆ ಕೊನೆಯಲ್ಲಿ ಮರಳುತ್ತೇನೆ.

ನಮ್ಮ ಚರ್ಚೆಯಲ್ಲಿ ಮೊದಲು ಮಾತಾಡಿದ್ದು ಮದುವೆಯಾಗಿ ಗಂಡನ ವೀಸಾದ ಮೇಲೆ ದಾವಣಗೆರೆಯಿಂದ ಬಂದ ಹುಡುಗಿ. ಓದಿದ್ದು ಎಂಜಿನಿಯರಿಂಗ್, ಇಲ್ಲಿ ಬಂದ ಮೊದಲ ವರ್ಷ ಕೆಲಸವಿರಲಿಲ್ಲ. "ಅವಳಿಗೆ ಹೆಸರಿಲ್ಲ ಅನ್ನೋದು ಪುಸ್ತಕ ಮುಗಿಯೋವರೆಗೂ ನನಗೆ ಹೊಳೀಲೇ ಇಲ್ಲ. ಇಲ್ಲಿ ನನ್ನನ್ನ ಯಾರು ಹೆಸರು ಹಿಡಿದು ಕರೀತಿದ್ದರು? ವಾಚ್‌ಮನ್ ಫ್ಲ್ಯಾಟ್ ನಂಬರ್ ಹೇಳೋನು, ಉಳಿದವರು ಇಂಥವರ ಮಿಸೆಸ್ ಅನ್ನೋರು" ಎಂದಳು. ಅವಳ ಪಾಲಿಗೆ ಇದು ಪ್ರೇಮಕಥೆಯೇ. ಅಂಜುಬುರುಕಿಯೊಬ್ಬಳು ಕೊನೆಗೂ ಗಂಡನ ನಂಬಿಕೆ ಗೆಲ್ಲುವ ಕಥೆ. ಧಾರವಾಡದ ಕಡೆಯವರೊಬ್ಬರಿಗೆ ಈ ಸಹನೆ ಇರಲಿಲ್ಲ. "ಅಷ್ಟ್ಯಾಕ ಅಂಜ್ತಾಳ್ರೀ ಆಕಿ? ಯಜಮಾನ್ತಿ ಆಕೀನ ಅಲ್ಲೇನು? ಆ ಡ್ಯಾನ್ವರ್ಸ್‌ನ ಮೊದಲ್ನೇ ದಿನಾನ ಮನಿಗೆ ಕಳಸಬೇಕಿತ್ತು" ಎಂದರು. ಇಡೀ ಕಾದಂಬರಿ ಅವರಿಗೆ ಎಳೆದಾಡಿದಂತೆ ಕಂಡಿತ್ತು.

ಹುಡುಗಿಯ ಭಯ ಅತಿಯಾಯಿತು ಎನ್ನುವ ದೂರು ಪುಸ್ತಕದಷ್ಟೇ ಹಳೆಯದು. ಆದರೆ ಕನ್ನಡದಲ್ಲಿ ಈ ಭಯಕ್ಕೆ ಹಳೆಯ ಹೆಸರೇ ಇದೆ. ಮೊದಲ ಹೆಂಡತಿ ತೀರಿಕೊಂಡ ಮನೆಗೆ ಎರಡನೆಯವಳು ಬಂದಾಗ, ತೀರಿಕೊಂಡವಳ ಹೆಸರಿನ ತಾಳಿಯನ್ನೋ ಪದಕವನ್ನೋ ಬಂದವಳು ಕೊರಳಲ್ಲಿ ಕಟ್ಟಿಕೊಳ್ಳುವ ಪದ್ಧತಿ ನಮ್ಮ ಕೆಲವು ಸಮುದಾಯಗಳಲ್ಲಿತ್ತು. ಹಬ್ಬದಲ್ಲಿ ಅದಕ್ಕೆ ಪೂಜೆಯೂ ನಡೆಯುತ್ತಿತ್ತು. ಗಂಡನಿಗಿಂತ ಮೊದಲು ಸತ್ತವಳು ಮುತ್ತೈದೆಯಾಗಿ ಹೋದವಳು. ಅವಳ ಸ್ಥಾನ ಮನೆಯಲ್ಲಿ ಗಟ್ಟಿ, ಅವಳನ್ನು ಸಮಾಧಾನಪಡಿಸದೆ ಬಂದವಳು ಬಾಳುವಂತಿಲ್ಲ. ಸವತಿ ಎಂಬ ಪದ ಬದುಕಿರುವವಳಿಗೆ ಮಾತ್ರ ಸಲ್ಲುವುದಿಲ್ಲ ಎಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. 'ರೆಬೆಕ್ಕಾ'ದಲ್ಲಿ ಒಂದು ದೆವ್ವವೂ ಇಲ್ಲ, ಆದರೂ ಓದುಗರ ಬೆನ್ನು ತಣ್ಣಗಾಗುತ್ತದೆ. ಕಸೂತಿಯ ಆ ಒಂದಕ್ಷರ ಹೊಸ ಹೆಂಡತಿಯ ಕೊರಳಿಗೆ ಯಾರೂ ಕಟ್ಟದ, ಅವಳೇ ಕಟ್ಟಿಕೊಂಡ ಸವತಿಯ ತಾಳಿ. ಅದನ್ನು ಪೂಜೆ ಮಾಡಿ ಮುಗಿಸಿಬಿಡುವ ಶಾಸ್ತ್ರ ಮ್ಯಾಂಡರ್ಲಿಯಲ್ಲಿ ಇಲ್ಲದಿರುವುದೇ ಅವಳ ಸಂಕಟ. ಹಾಗಾಗಿ ಭಯ ಅತಿಯಾಯಿತು ಎಂಬ ಧಾರವಾಡದ ಗೆಳೆಯರ ಮಾತನ್ನು ನಾನು ಒಪ್ಪಲಾರೆ. ಯಜಮಾನಿಕೆ ಎನ್ನುವುದು ಮದುವೆಯ ಮರುದಿನ ಕೈಗೆ ಬರುವ ಬೀಗದ ಕೈಗೊಂಚಲಲ್ಲ.

ಮೂರನೆಯ ಅಭಿಪ್ರಾಯ ಉಡುಪಿಯ ಕಡೆಯ ಗುತ್ತಿನ ಮನೆತನದ ಹಿರಿಯರೊಬ್ಬರದು. ಅವರಿಗೆ ಹೆಂಡತಿಯರ ವಿಚಾರಕ್ಕಿಂತ ಮನೆಯ ವಿಚಾರ ಮುಖ್ಯ. ಕೊಲೆಯ ಕಾರಣವನ್ನು ಅವರು ಎತ್ತಿ ತೋರಿಸಿದರು. ತಾನು ಬಸುರಿ, ಮಗು ಇನ್ನೊಬ್ಬನದಾದರೂ ಮ್ಯಾಂಡರ್ಲಿಯ ವಾರಸುದಾರನಾಗಿಯೇ ಬೆಳೆಯುತ್ತದೆ ಎಂದು ರೆಬೆಕ್ಕಾ ಮ್ಯಾಕ್ಸಿಮ್‌ನನ್ನು ಕೆಣಕುತ್ತಾಳೆ. ಆಗ ಅವನು ಗುಂಡು ಹಾರಿಸುತ್ತಾನೆ. "ನಮ್ಮಲ್ಲಿ ಆಗಿದ್ದರೆ ಈ ಕೊಲೆಯೇ ಆಗುತ್ತಿರಲಿಲ್ಲ ಮಾರಾಯ್ರೆ. ಮನೆ ಹೋಗುವುದು ಅಕ್ಕನ ಮಗನಿಗಲ್ಲವಾ?" ಎಂದು ಅವರು ನಕ್ಕರು.

ತಮಾಷೆಯಂತೆ ಕಂಡರೂ ಈ ಮಾತು ಕಾದಂಬರಿಯ ನರವನ್ನೇ ಮುಟ್ಟುತ್ತದೆ. ಅಳಿಯಸಂತಾನದಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಹೆಂಡತಿಯ ಮಗುವಿನ ತಂದೆ ಯಾರು ಎಂಬ ಪ್ರಶ್ನೆಯಿಂದ ಮನೆ ಅಲುಗಾಡುವುದಿಲ್ಲ. 1949ರ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳು ಬಂದ ಮೇಲೆ ಆ ವ್ಯವಸ್ಥೆಯ ಹಿಡಿತ ಸಡಿಲಾಯಿತು. ಅದು ಚಿನ್ನದ ಕಾಲವೇನೂ ಆಗಿರಲಿಲ್ಲ. ಮಾವ ಅಳಿಯಂದಿರ ವ್ಯಾಜ್ಯಗಳಿಗೆ ಲೆಕ್ಕವಿರಲಿಲ್ಲ. ಆದರೆ ಆ ಲೆಕ್ಕದಲ್ಲಿ ಮ್ಯಾಂಡರ್ಲಿ ಸೇರಬೇಕಾದದ್ದು ಮ್ಯಾಕ್ಸಿಮ್‌ನ ಅಕ್ಕ ಬಿಯಾಟ್ರಿಸಳ ಮಗನಿಗೆ. ಮರ್ಯಾದೆ, ವಂಚನೆ, ನೊಂದ ಗಂಡಸು ಎಂದೆಲ್ಲ ಮ್ಯಾಕ್ಸಿಮ್ ಹೇಳಿಕೊಂಡರೂ ಅವನ ಕೈಗೆ ಬಂದೂಕು ಕೊಟ್ಟದ್ದು ಗಂಡುಸಂತಾನದ ಆಸ್ತಿ. ಇಂಗ್ಲಿಷ್ ಓದುಗರಿಗೆ ಸಹಜವಾಗಿ ಕಾಣುವ ಈ ಕಾರಣ ಕರಾವಳಿಯ ಓದುಗರೊಬ್ಬರಿಗೆ ವಿಚಿತ್ರವಾಗಿ ಕಂಡಿತು. ಆ ವಿಚಿತ್ರವೇ ಅದನ್ನು ಸರಿಯಾಗಿ ಕಾಣಿಸಿತು.

ಮನೆಯ ಮೇಲಿನ ಈ ಮೋಹವನ್ನು ಒಮಾನಿನಲ್ಲಿ ಕೂತು ನೋಡಿದರೆ ಇನ್ನೊಂದು ಬಗೆಯೂ ತೋರುತ್ತದೆ. ಅಲ್ ಹಮ್ರಾ, ಬಿರ್ಕತ್ ಅಲ್ ಮೌಜ್ ಊರುಗಳಲ್ಲಿ ಜನ ಹೊಸ ಸಿಮೆಂಟ್ ಮನೆಗಳಿಗೆ ಹೋದ ಮೇಲೆ ಉಳಿದ ಹಳೆಯ ಮಣ್ಣಿನ ಕೇರಿಗಳಿವೆ. ಗೋಡೆಗಳು ಕರಗುತ್ತಿವೆ, ಮಹಡಿಗಳು ಕುಸಿದಿವೆ. ಬಿರ್ಕತ್ ಅಲ್ ಮೌಜ್‌ನ ಫಲಜ್ ಕಾಲುವೆ 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಐದರಲ್ಲಿ ಒಂದು. ಅದರ ನೀರು ಇಂದಿಗೂ ಖರ್ಜೂರದ ತೋಟಕ್ಕೆ ಹರಿಯುತ್ತದೆ. ಬದುಕು ಮುಂದಕ್ಕೆ ಹೋದಾಗ ಮನೆಯನ್ನು ಬಿಟ್ಟು ಹೋಗಬಹುದು ಎಂದು ಆ ಕೇರಿಗಳು ಸುಮ್ಮನೆ ಹೇಳುತ್ತವೆ. ಮ್ಯಾಕ್ಸಿಮ್‌ಗೆ ಇದು ಸಾಧ್ಯವಿಲ್ಲ. ರೆಬೆಕ್ಕಾಳ ಸ್ವಭಾವ ಮದುವೆಯಾದ ವಾರದೊಳಗೇ ಗೊತ್ತಾದರೂ ಮನೆತನದ ಹೆಸರಿಗಾಗಿ ಅವನು ಒಪ್ಪಂದ ಮಾಡಿಕೊಂಡು ವರ್ಷಗಟ್ಟಲೆ ನಟಿಸುತ್ತಾನೆ. ಅವಳು ಮ್ಯಾಂಡರ್ಲಿಯನ್ನು ನಾಡಿಗೇ ಹೆಸರಾಗುವಂತೆ ನಡೆಸಿಕೊಡುತ್ತಾಳೆ, ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ಹುಡುಗಿ ಬೆರಗಾಗಿ ನೋಡುವ ಆ ಮನೆಯ ಚೆಲುವೆಲ್ಲ ಅವನು ದ್ವೇಷಿಸಿದ ಹೆಂಡತಿಯ ಕೈಯದೇ.

ಕೊನೆಗೆ ಮಾತಾಡಿದವರು ನಿವೃತ್ತ ಶಿಕ್ಷಕಿ. ಅವರು ಪೂರ್ತಿ ರೆಬೆಕ್ಕಾಳ ಪರ. "ಬಾಯಿಲ್ಲದವಳ ಮೇಲೆ ಇಷ್ಟು ಆರೋಪ ಹೊರಿಸ್ತೀರಲ್ಲ, ಅವಳ ಮಾತು ಒಂದಾದರೂ ಕೇಳಿದ್ದೀರಾ? ಕೊಂದವನ ಬಾಯಿಂದ ಕೇಳಿದ್ದೇ ಸತ್ಯವೇ?" ಎಂದರು. 'ಜೇನ್ ಐರ್' ಕಾದಂಬರಿಯ ಅಟ್ಟದ ಹುಚ್ಚಿಗೆ ಜೀನ್ ರೀಸ್ 1966ರಲ್ಲಿ 'ವೈಡ್ ಸರ್ಗಾಸೊ ಸೀ' ಬರೆದು ಬಾಯಿ ಕೊಟ್ಟರು. ರೆಬೆಕ್ಕಾಳಿಗೂ ಅಂಥ ಬಾಯಿ ಕೊಡುವ ಪ್ರಯತ್ನವಾಗಿದೆ. ಸ್ಯಾಲಿ ಬೋಮನ್ ಅವರ 'ರೆಬೆಕ್ಕಾಸ್ ಟೇಲ್' 2001ರಲ್ಲಿ ಬಂತು. ಆದರೆ ಈ ವಾದಕ್ಕೂ ಒಂದು ಮಿತಿಯಿದೆ. ರೆಬೆಕ್ಕಾಳ ಕ್ರೌರ್ಯಕ್ಕೆ ಮ್ಯಾಕ್ಸಿಮ್ ಒಬ್ಬನೇ ಸಾಕ್ಷಿಯಲ್ಲ. ಕಡಲತೀರದಲ್ಲಿ ಅಲೆಯುವ ಬುದ್ಧಿಮಾಂದ್ಯ ಬೆನ್, ಹುಚ್ಚಾಸ್ಪತ್ರೆಗೆ ಹಾಕಿಸುತ್ತೇನೆಂದು ಅವಳು ಬೆದರಿಸಿದ್ದನ್ನು ಮರೆತಿಲ್ಲ. ಅವಳನ್ನು ಪೂಜಿಸುವ ಡ್ಯಾನ್ವರ್ಸಳೇ ಅವಳು ಕುದುರೆಯನ್ನು ರಕ್ತ ಬರುವಂತೆ ಹೊಡೆದದ್ದನ್ನು ಹೆಮ್ಮೆಯಿಂದ ಹೇಳುತ್ತಾಳೆ. ರೆಬೆಕ್ಕಾ ಒಳ್ಳೆಯವಳಲ್ಲ. ಒಳ್ಳೆಯವಳಲ್ಲದ ಹೆಂಡತಿಯನ್ನು ಕೊಲ್ಲಬಹುದೇ ಎಂಬುದಷ್ಟೇ ಪ್ರಶ್ನೆ.

ಎಲ್ಲ ಓದುಗರೂ ಒಂದೇ ಕಡೆ ಹಾಯಬೇಕಾದ ಬಾಗಿಲು ಇದು. ತಪ್ಪೊಪ್ಪಿಗೆಯ ಅಧ್ಯಾಯದಲ್ಲಿ ಗಂಡ ತನ್ನ ಹೆಂಡತಿಯನ್ನು ಕೊಂದೆ ಎನ್ನುತ್ತಿದ್ದಾನೆ, ಕೇಳುತ್ತಿರುವ ಹುಡುಗಿಯ ಮನಸ್ಸಿಗೆ ಇಳಿಯುವುದು ಒಂದೇ ಸಂಗತಿ: ಇವನು ಅವಳನ್ನು ಪ್ರೀತಿಸಿರಲಿಲ್ಲ. ಅವಳಿಗೆ ಹಗುರವಾಗುತ್ತದೆ. ನಮಗೂ ಹಗುರವಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಪುಸ್ತಕ ಅವಳ ಜೊತೆ ಅಂಜುತ್ತ, ಮುದುಡುತ್ತ ಬಂದ ನಾವು ಅಷ್ಟು ಹೊತ್ತಿಗೆ ಅವಳ ಕಿವಿಯಿಂದಲೇ ಕೇಳುವುದನ್ನು ಕಲಿತಿರುತ್ತೇವೆ. ಮುಂದಿನ ಪುಟಗಳಲ್ಲಿ ಮರಣವಿಚಾರಣೆ ನಡೆಯುವಾಗ ಕೊಲೆಗಾರ ಸಿಕ್ಕಿಬೀಳದಿರಲಿ ಎಂದು ಉಸಿರು ಬಿಗಿಹಿಡಿದು ಓದುತ್ತೇವೆ.

ಪುಸ್ತಕದ ಓದುಗರು ಗಮನಿಸದೆ ದಾಟಿದ್ದನ್ನು ಸಿನಿಮಾದ ಸೆನ್ಸಾರು ಗಮನಿಸಿತು. ಆಲ್ಫ್ರೆಡ್ ಹಿಚ್‌ಕಾಕ್ 1940ರಲ್ಲಿ ಇದನ್ನು ಚಿತ್ರ ಮಾಡಿದಾಗ, ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಪಾರಾಗುವುದನ್ನು ಹಾಲಿವುಡ್ಡಿನ ನೀತಿಸಂಹಿತೆ ಒಪ್ಪಲಿಲ್ಲ. ಹಾಗಾಗಿ ಚಿತ್ರದಲ್ಲಿ ರೆಬೆಕ್ಕಾ ಎಡವಿ ಬಿದ್ದು ತಲೆಗೆ ಪೆಟ್ಟಾಗಿ ಸಾಯುತ್ತಾಳೆ. ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದ ಆ ಚಿತ್ರವನ್ನು ಮೊದಲು ನೋಡಿದವರು ಮ್ಯಾಕ್ಸಿಮ್‌ನನ್ನು ಕ್ಷಮಿಸುವುದು ಸಹಜ. ಅಲ್ಲಿ ಕ್ಷಮಿಸಲು ಕೊಲೆಯೇ ಇಲ್ಲ. ನಮ್ಮವರಲ್ಲಿ ಹಲವರು ಈ ಕಥೆಯನ್ನು ಬಲ್ಲದ್ದು 1964ರ ಹಿಂದಿ 'ಕೊಹ್ರಾ'ದಿಂದ. ವಹೀದಾ ರೆಹಮಾನ್ ಅವರ ಕಣ್ಣಿನ ಗಾಬರಿ, ಲಲಿತಾ ಪವಾರ್ ಅವರ ದಾಯಿ ಮಾ ನೆನಪಿನಲ್ಲಿ ಉಳಿದು, ಮೂಲದ ಇರುಸುಮುರುಸು ಹಿಂದೆ ಸರಿದಿರುತ್ತದೆ. ಓದುಗರ ಭಿನ್ನಾಭಿಪ್ರಾಯಕ್ಕೆ ಇದೂ ಒಂದು ಕಾರಣ: ಒಂದೇ ಹೆಸರಿನ ಬೇರೆ ಬೇರೆ ಕಥೆಗಳ ಬಗ್ಗೆ ನಾವು ವಾದಿಸುತ್ತಿರುತ್ತೇವೆ.

ಕನ್ನಡ ಓದುಗರು ಇಲ್ಲಿ ತ್ರಿವೇಣಿಯವರ 'ಶರಪಂಜರ'ವನ್ನು ಪಕ್ಕಕ್ಕಿಟ್ಟುಕೊಳ್ಳಬೇಕು. ಅದೂ ಮನೆಯೊಂದು ಹೆಂಡತಿಯೊಬ್ಬಳನ್ನು ಹೊರಗೆ ತಳ್ಳುವ ಕಥೆ. ಪುಟ್ಟಣ್ಣ ಕಣಗಾಲ್ ಅವರ 1971ರ ಚಿತ್ರದಲ್ಲಿ ಕಲ್ಪನಾ ಮಾಡಿದ ಕಾವೇರಿಯನ್ನು ಮರೆತವರು ಕಡಿಮೆ. ಮನೋರೋಗದಿಂದ ಗುಣವಾಗಿ ಆಸ್ಪತ್ರೆಯಿಂದ ಮರಳಿದವಳನ್ನು ಮನೆಯವರು, ನೆರೆಯವರು ಹುಚ್ಚಿಯೆಂದೇ ನೋಡುತ್ತಾರೆ. ಗಂಡನ ಬದುಕಿನಲ್ಲಿ ಆಗಲೇ ಇನ್ನೊಬ್ಬಳಿದ್ದಾಳೆ. ತ್ರಿವೇಣಿ ನಮ್ಮನ್ನು ನಿಲ್ಲಿಸುವುದು ಜಾಗ ಕಳೆದುಕೊಳ್ಳುತ್ತಿರುವವಳ ಬದಿಯಲ್ಲಿ. ಡು ಮೊರಿಯೆ ನಿಲ್ಲಿಸುವುದು ಆ ಜಾಗಕ್ಕೆ ಬಂದವಳ ಬದಿಯಲ್ಲಿ. 'ಶರಪಂಜರ'ದ ಆ ಇನ್ನೊಬ್ಬಳು ಕಥೆ ಹೇಳಿದ್ದರೆ ಕಾವೇರಿ ಹೇಗೆ ಕಾಣುತ್ತಿದ್ದಳು ಎಂದು ಒಂದು ಕ್ಷಣ ಊಹಿಸಿದರೆ 'ರೆಬೆಕ್ಕಾ'ದ ಜಾಣತನ, ಅಪಾಯ ಎರಡೂ ತಿಳಿಯುತ್ತವೆ. ಕಾವೇರಿಯ ಪರ ಕಣ್ಣೀರು ಹಾಕಿದ ನಾವೇ ಇಲ್ಲಿ ಮ್ಯಾಕ್ಸಿಮ್ ಪಾರಾಗಲಿ ಎಂದು ಹರಸುತ್ತೇವೆ.

ಹಾಗಾದರೆ ಡು ಮೊರಿಯೆ ಕೊಲೆಯ ಪರವೇ? ನನ್ನ ಓದಿನಲ್ಲಿ ಅಲ್ಲ. ಹುಡುಗಿಯ ಮಾತಿಗೆ ಎದುರಾಗಿ ಅವರು ಸಾಕ್ಷಿಗಳನ್ನು ಸದ್ದಿಲ್ಲದೆ ಇಟ್ಟಿದ್ದಾರೆ. ಕೊನೆಯ ಭಾಗದಲ್ಲಿ ಸತ್ಯ ಹೇಳುವವರು ಯಾರು, ಮುಚ್ಚುವವರು ಯಾರು ಎಂದು ಪಟ್ಟಿ ಮಾಡಿ ನೋಡಿ. ರೆಬೆಕ್ಕಾ ಆತ್ಮಹತ್ಯೆ ಮಾಡಿಕೊಂಡಿಲ್ಲ, ಮ್ಯಾಕ್ಸಿಮ್ ಕೊಂದ ಎಂದು ನೇರವಾಗಿ ಹೇಳುವವನು ಕುಡುಕ ಫಾವೆಲ್. ದುಡ್ಡಿಗಾಗಿ ಬೆದರಿಸುವವನಾದರೂ ಅವನು ಹೇಳುವುದು ನಿಜ. ಕಂಡದ್ದನ್ನು ಹೇಳಲಾರದೆ ಹುಚ್ಚಾಸ್ಪತ್ರೆಯ ಭಯಕ್ಕೆ ಬಾಯಿ ಮುಚ್ಚುವವನು ಬೆನ್. ಎದುರು ಸಾಲಿನಲ್ಲಿ ಮನೆಯ ಯಜಮಾನ, ಅವನ ಹೊಸ ಹೆಂಡತಿ, ಎಲ್ಲ ಬಲ್ಲಂತಿರುವ ಎಸ್ಟೇಟಿನ ಏಜೆಂಟ್ ಫ್ರಾಂಕ್ ಕ್ರಾಲಿ, ಕೊನೆಗೆ ಸಂಶಯ ಬಂದರೂ ಮುಂದಕ್ಕೆ ಹೋಗದ ಮ್ಯಾಜಿಸ್ಟ್ರೇಟ್ ಕರ್ನಲ್ ಜೂಲಿಯನ್ ಇದ್ದಾರೆ. ಊಟದ ಮೇಜಿಗೆ ಒಟ್ಟಿಗೆ ಕೂರಬಲ್ಲವರೆಲ್ಲ ಒಂದು ಕಡೆ, ಆ ಮೇಜಿಗೆ ಸಲ್ಲದವರೆಲ್ಲ ಇನ್ನೊಂದು ಕಡೆ. ಹುಡುಗಿ ಆರಂಭದಲ್ಲಿ ಎರಡನೆಯ ಗುಂಪಿನವಳು, ಸಂಬಳಕ್ಕಿದ್ದವಳು. ತಪ್ಪೊಪ್ಪಿಗೆ ಕೇಳಿದ ಸಂಜೆ ಅವಳು ಗುಂಪು ಬದಲಿಸುತ್ತಾಳೆ. ಮರುದಿನವೇ ಆಳುಕಾಳುಗಳೊಡನೆ ಅವಳ ದನಿ ಬದಲಾಗುತ್ತದೆ, ಊಟದ ಪಟ್ಟಿಯನ್ನು ತಿದ್ದಿ ಡ್ಯಾನ್ವರ್ಸಳಿಗೆ ಅಪ್ಪಣೆ ಕೊಡುತ್ತಾಳೆ. ಧಾರವಾಡದ ಗೆಳೆಯರು ಬಯಸಿದ ಯಜಮಾನ್ತಿ ಅವಳು ಆಗುವುದು ಹೀಗೆ: ಕೊಲೆಯ ಗುಟ್ಟಿನಲ್ಲಿ ಪಾಲುದಾರಳಾದ ಮೇಲೆ.

ಅವಳು ಗೆದ್ದದ್ದೇನು ಎಂಬುದಕ್ಕೆ ಉತ್ತರ ಮೊದಲ ಪುಟಗಳಲ್ಲಿದೆ. ಮನೆ ಸುಟ್ಟುಹೋಗಿದೆ. ಪರದೇಶದ ಹೋಟೆಲಿನಲ್ಲಿ ಗಂಡನ ಮುಖ ನೋಡಿ, ಯಾವ ಸುದ್ದಿ ಓದಬೇಕು, ಯಾವುದನ್ನು ಬಿಡಬೇಕು ಎಂದು ಅಳೆಯುತ್ತ ಅವಳು ದಿನ ದೂಡುತ್ತಿದ್ದಾಳೆ. ಸತ್ತವಳ ಕೋಣೆಯನ್ನು ಡ್ಯಾನ್ವರ್ಸ್ ಕಾದಂತೆ ಇವಳೀಗ ಸುಟ್ಟ ಮನೆಯ ನೆನಪನ್ನು ಕಾಯುತ್ತಿದ್ದಾಳೆ. ಕೊನೆಯಲ್ಲಿದ್ದ ಈ ಭಾಗವನ್ನು ಮುಂದಕ್ಕೆ ತಂದು ಡು ಮೊರಿಯೆ ಓದುಗರಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಕಥೆಯ ಓಟದಲ್ಲಿ ನಾವು ಅದನ್ನು ಮರೆಯುತ್ತೇವೆ. ದಾವಣಗೆರೆಯ ಹುಡುಗಿಯ ಓದು ತಪ್ಪಲ್ಲ. ಪುಸ್ತಕ ತನ್ನನ್ನು ಎಲ್ಲಿಗೆ ಕರೆದೊಯ್ಯಬೇಕೆಂದಿತ್ತೋ ಅಲ್ಲಿಗೆ ಅವಳು ಹೋದಳು. ಹೋದ ಮೇಲೆ ಅಲ್ಲಿ ತಾನು ಯಾರ ಪಕ್ಕ ನಿಂತಿದ್ದೇನೆ ಎಂದು ಒಮ್ಮೆ ತಿರುಗಿ ನೋಡಬೇಕು. ನೋಡಿದವರಿಗೆ ಇದು ದೊಡ್ಡ ಕಾದಂಬರಿ, ನೋಡದವರಿಗೆ ಒಳ್ಳೆಯ ಪ್ರೇಮಕಥೆ.

ಎರಡನೆಯ ಸಲ ಓದುವವರಿಗೆ ಒಂದು ಪಾತ್ರವನ್ನು ತೋರಿಸಿ ಮುಗಿಸುತ್ತೇನೆ. ಮರಣವಿಚಾರಣೆಯಲ್ಲಿ ಜೇಮ್ಸ್ ಟ್ಯಾಬ್ ಎಂಬ ದೋಣಿ ಕಟ್ಟುವವನು ಎದ್ದು ನಿಲ್ಲುತ್ತಾನೆ. ಅವನಿಗೆ ರೆಬೆಕ್ಕಾಳ ಮೇಲೆ ಪ್ರೀತಿಯಿಲ್ಲ, ಮ್ಯಾಕ್ಸಿಮ್ ಮೇಲೆ ಸಿಟ್ಟಿಲ್ಲ. ತಾನು ಸಜ್ಜುಗೊಳಿಸಿದ ದೋಣಿ ತಾನಾಗಿ ಮುಳುಗುವಂಥದ್ದಲ್ಲ ಎಂಬುದಷ್ಟೇ ಅವನ ಮಾತು. ತನ್ನ ಕೆಲಸಕ್ಕೆ ಕೆಟ್ಟ ಹೆಸರು ಬರಬಾರದೆಂದು ಸ್ವತಃ ಹೋಗಿ ನೋಡಿದೆ, ಹಲಗೆಗೆ ಒಳಗಿನಿಂದ ತೂತು ಕೊರೆದಿದ್ದಾರೆ ಎನ್ನುತ್ತಾನೆ. ಮುಚ್ಚಿಹೋಗಲಿದ್ದ ವಿಚಾರಣೆ ಅವನ ಮಾತಿನಿಂದ ತಿರುಗುತ್ತದೆ, ನಮ್ಮ ಹುಡುಗಿ ಆ ಕೋಣೆಯಲ್ಲೇ ತಲೆಸುತ್ತಿ ಬೀಳುತ್ತಾಳೆ. ಅವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು ಎಂದು ಮೊದಲ ಓದಿನಲ್ಲಿ ಬಹುತೇಕ ಎಲ್ಲರಿಗೂ ಅನ್ನಿಸುತ್ತದೆ. ಬೇರೆಯವರ ನಾಡಿನಲ್ಲಿ ಕೈಕೆಲಸದ ಹೆಸರನ್ನೇ ನಂಬಿ ಬದುಕುವ ನಮ್ಮಂಥವರು ಆ ಪುಟವನ್ನು ನಿಧಾನವಾಗಿ ಇನ್ನೊಮ್ಮೆ ಓದಬೇಕು.